ಲಾಹ್ಯಾಳ ಮರದ ಓಟೆ

ಮರೂಲ ಹಣ್ಣಿನ ಮರವನ್ನು ಬೀಜ ಹಾಕಿ ಬೆಳೆಸಹೊರಟವಳಿಗೆ ತಲೆ ಕೆಟ್ಟಿದೆ ಅಂತಲೇ ನಮ್ಮ ಓಂಡಾಂಗ್ವಾ ಸೀಮೆಯ ಮಾತು. ಅದು ಆಡು ಓಟೆ ಉಗುಳಿದ ಕಡೆ ತಾನೇ ಹುಟ್ಟಿ, ಎಂಥ ಬರಕ್ಕೂ ಜಗ್ಗದೆ ನಿಲ್ಲುವ ಮರ. ಆದರೆ ರೌನಾಗೆ ಬೇಕಿದ್ದದ್ದು ತವರಿನ ಮರ. ಅವಳ ಮದುವೆಯಾದ ವರ್ಷವೇ ತಾಯಿ ಲಾಹ್ಯಾಳ ಮರಕ್ಕೆ ಸಿಡಿಲು ಬಡಿದಿತ್ತು. ಅದರ ಹಣ್ಣಿನಂಥ ಸಿಹಿ ರಸ ಸುತ್ತಮುತ್ತ ಎಲ್ಲೂ ಇರಲಿಲ್ಲ. ಲಾಹ್ಯಾಳ ನಾಲಿಗೆಯೋ, ಒಂದು ಗುಟುಕಿಗೆ ಯಾರ ಮನೆ ಮರದ್ದು ಅಂತ ಹೇಳಿಬಿಡುತ್ತಿತ್ತು.

ಕೊನೆಯ ಹಣ್ಣುಗಳ ಒಂದು ಹಿಡಿ ಓಟೆಯನ್ನು ರೌನಾ ಗಂಡನ ಮನೆಗೆ ತಂದು ಅಂಗಳದಲ್ಲಿ ಒಣಹಾಕಿದಳು. ಅತ್ತೆ ಸೈಮಾ ಎಣ್ಣೆಗೆ ತಂದದ್ದೆಂದುಕೊಂಡು ಒಡೆದು ತಿರುಳು ತೆಗೆದೇಬಿಟ್ಟಳು! ಚಾಪೆಯಡಿ ಉರುಳಿದ್ದ ಒಂದು ಮಾತ್ರ ಉಳಿಯಿತು. ಊರಿದರೆ ಒಂದೇ ಓಟೆಯಿಂದ ಎರಡು ಮೊಳಕೆ ಬಂದವು. ಎರಡಕ್ಕೂ ನೀರು ಎಲ್ಲಿಂದ ತರೋದು ಅಂತ ಸಣಕಲನ್ನು ಕಿತ್ತು ಆಡಿಗೆ ಹಾಕಿದಳು. ಇನ್ನೊಂದಕ್ಕೆ ಮುಳ್ಳುಬೇಲಿ ಕಟ್ಟಿ, ಪಾತ್ರೆ ತೊಳೆದ ನೀರು ಹೊಯ್ದು ಸಾಕಿದಳು. ಮಕ್ಕಳು ಹುಟ್ಟಿ ಶಾಲೆಗೆ ಹೋಗುವಷ್ಟಾದರು, ಮರ ಸೂರು ದಾಟಿತು.

ಈ ಸಲ ಮೊದಲ ಹೂ ಬಿಟ್ಟದ್ದೇ ತಡ, ಹುಚ್ಚಿ, ಸರಿಯಾಗಿ ನೋಡದೆ ತಾಯಿಗೆ ಹೇಳಿಕಳಿಸಿದಳು: "ಹಣ್ಣಿನ ಕಾಲಕ್ಕೆ ಬಾರಮ್ಮಾ, ನಿನ್ನ ಮರದ ರಸ ಕುಡಿಸ್ತೀನಿ."

ಸೈಮಾ ಕೊಂಬೆ ಬಗ್ಗಿಸಿ ನೋಡಿದಳು. ಹೂ ಹೆಣ್ಣು ಮರದ ಹಾಗೆ ಬಿಡಿಬಿಡಿಯಾಗಿರದೆ ಗೊಂಚಲು ಗೊಂಚಲಾಗಿ ಜೋತುಬಿದ್ದಿತ್ತು.

"ಅಯ್ಯೋ ಪೆದ್ದೀ, ಇದು ಗಂಡು ಕಣೇ! ಒಂದು ಹಣ್ಣೂ ಬಿಡಲ್ಲ. ಇಷ್ಟು ವರ್ಷ ಕಡಿದು ಒರಳು ಮಾಡೋಕಷ್ಟೇ ಆಗೋ ಮರಕ್ಕೆ ನೀರು ಹೊಯ್ದೆಯಲ್ಲೇ!"

ಕಿತ್ತ ಆ ಸಣಕಲೇ ಹೆಣ್ಣಾಗಿತ್ತೋ ಏನೋ ಅನ್ನುವ ಸಂಕಟ ರೌನಾಳನ್ನು ಕೊರೆಯತೊಡಗಿತು. ಊಟ ಸೇರದಾಯಿತು. ಅದನ್ನು ನೋಡಿ ಸೈಮಾಗೂ ಕಸಿವಿಸಿ. ಮಿಕ್ಕ ಓಟೆಗಳನ್ನು ಒಡೆದವಳು ತಾನೇ ಅಲ್ಲವೇ?

ಹಣ್ಣಿನ ಕಾಲಕ್ಕೆ ಲಾಹ್ಯಾ ಬಂದಿಳಿದಳು. ಕಣ್ಣು ಪೂರಾ ಮಂಜಾಗಿತ್ತು. ಸೈಮಾ ತನ್ನ ಮರದ ಹಣ್ಣಿನ ಬುಟ್ಟಿ ತಂದು ಸೊಸೆಯ ಮುಂದೆ ಇಟ್ಟಳು.

"ಇದನ್ನೇ ಹಿಂಡಿ ಕೊಡು. ಬಾಯಿ ಮುಚ್ಚಿಕೊಂಡಿರು," ಅಂತ ಪಿಸುಗುಟ್ಟಿದಳು.

ರೌನಾ ದನದ ಕೊಂಬಿನಿಂದ ಸಿಪ್ಪೆ ಚುಚ್ಚಿ ರಸ ಹಿಂಡಿ, ಸೋರೆಬುರುಡೆಯಲ್ಲಿ ಕೊಟ್ಟಳು. ಮುದುಕಿ ಗುಟುಕು ಬಾಯಲ್ಲೇ ಇಟ್ಟುಕೊಂಡು ಕೂತಳು.

"ಇದೇ ಕಣೇ! ಇದೇ ನಮ್ಮ ಮರದ ರುಚಿ!"

ರೌನಾಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಅಮ್ಮನ ನಾಲಿಗೆಯೂ ಹೋಯಿತಲ್ಲ, ದೇವರೇ!

ಅಷ್ಟರಲ್ಲಿ ಲಾಹ್ಯಾ ತಡಕಾಡಿ ಓಟೆಗಳನ್ನು ಸೆರಗಿಗೆ ಕಟ್ಟಿಕೊಳ್ಳತೊಡಗಿದಳು. "ಸಿಡಿಲು ಬಿದ್ದ ಜಾಗದಲ್ಲೇ ಊರ್ತೀನಿ. ನಾನಿಲ್ದಿದ್ರೂ ಮರ ಇರುತ್ತೆ."

ಸೈಮಾ ಕಣ್ಣಲ್ಲೇ ಬೇಡ ಬೇಡ ಅಂದಳು. ರೌನಾಗೆ ತಡೆಯಲಾಗಲಿಲ್ಲ.

"ಊರಬೇಡಮ್ಮಾ. ಅದು ಅತ್ತೆ ಮರದ್ದು. ನಮ್ಮದು ಗಂಡಾಗಿಬಿಡ್ತು."

ಮುದುಕಿಯ ಕೈ ಗಂಟಿನ ಮೇಲೆಯೇ ನಿಂತಿತು.

"ಹಂಗಾದ್ರೆ ನಮ್ಮ ಮರದ ರುಚಿ ಹೆಂಗಿತ್ತೇ? ನಂಗೆ ಮರೆತುಹೋಗಿದೆ. ನೀನಾದ್ರೂ ಹೇಳು."

ಹೇಳಲು ರೌನಾ ಬಾಯಿ ತೆರೆದಳು. ಅವಳಿಗೂ ನೆನಪಾಗಲಿಲ್ಲ.