ಶಾಗ್ಯಕ್ಕೆ ಸಮುದ್ರ ಬಾರದಂತೆ ತಡೆದವಳು

ನಮ್ಮ ಶಾಗ್ಯಕ್ಕೂ ಸಮುದ್ರಕ್ಕೂ ಏನೇನೂ ಸಂಬಂಧವಿಲ್ಲ. ಕೆರೆ ಅರ್ಧ ತುಂಬಿದರೇ ಊರೆಲ್ಲ ಹೋಗಿ ನೋಡಿ ಬರುವ ಜನ ನಾವು. ಆದರೂ ಕೆಲವು ವರ್ಷ ಒಬ್ಬ ಹೆಂಗಸು ಊರಿಗೆ ಸಮುದ್ರ ಬಾರದಂತೆ ಸೆರಗು ಕಟ್ಟಿ ನಿಂತಿದ್ದಳು. ಅವಳ ಹೆಸರು ಚನ್ನಮಲ್ಲಮ್ಮ. ಶಾಲೆಯಲ್ಲಿ ನನ್ನ ಬಳಪ ಕಿತ್ತುಕೊಂಡು ತಿಂದವಳು, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಬಸ್ ನಿಲ್ದಾಣದ ಪಕ್ಕ ನನ್ನ ಟೀ ಅಂಗಡಿ, ರಸ್ತೆಯ ಆಚೆ ಅವಳ ಮನೆ. ಅಲ್ಲಿ ಏನು ನಡೆದರೂ ಮೊದಲು ಕಾಣುವುದು ನನಗೆ.

ಅವಳು ಮದುವೆಯಾದ ಹೊಸತರಲ್ಲಿ ಬೇಸಿಗೆಯ ಬಿರುಗಾಳಿಗೆ ಮನೆಯ ಶೀಟುಗಳೆಲ್ಲ ಹಾರಿಹೋದವು. ಹೊಸದು ಹಾಕಿಸಲು ಕೈಯಲ್ಲಿ ಕಾಸಿರಲಿಲ್ಲ. ಆ ಮಳೆಗಾಲವಿಡೀ ಗಂಡ ಹೆಂಡತಿ ಶಾಲೆಯ ಜಗಲಿಯಲ್ಲೇ ಇದ್ದರು. ಮಗಳು ಕೋಮಲ ಹುಟ್ಟಿದ್ದೂ ಆ ಜಗಲಿಯಲ್ಲೇ, ಒಳಗೆ ಮಕ್ಕಳು ಜೋರಾಗಿ ಮಗ್ಗಿ ಹೇಳುತ್ತಿರುವಾಗ. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾದರೂ ಆ ಜಗಲಿಯ ಅವಮಾನವನ್ನು ಮಾತ್ರ ಅವಳು ಮರೆಯಲಿಲ್ಲ.

ಹಾಗಾಗಿ ಕೊಳ್ಳೇಗಾಲದ ವಿಮೆ ಏಜೆಂಟ್ ಪ್ರಭುಸ್ವಾಮಿ ಮನೆಗಳಿಗೆ ಗಾಳಿ ವಿಮೆ ಬಂದಿದೆ ಎಂದು ಹೇಳಿಕೊಂಡು ಬಂದಾಗ, ಮಹಿಳಾ ಸಂಘದ ಅಧ್ಯಕ್ಷೆಯಾಗಿದ್ದ ಚನ್ನಮಲ್ಲಮ್ಮ ಅವನಿಗೆ ಕುರ್ಚಿ ಹಾಕಿ ಕೂರಿಸಿದಳು. ನನ್ನ ಅಂಗಡಿಯ ಕುರ್ಚಿ, ಕೇಳದೆಯೇ ತೆಗೆದುಕೊಂಡು ಹೋದದ್ದು. ಯೋಜನೆ ಅಸಲಿಗೆ ಕಡಲತೀರದ ಮನೆಗಳಿಗೆಂದು ಮಾಡಿದ್ದಂತೆ. ಈಗ ನಮ್ಮ ಕಡೆಗೂ ಕೊಡುತ್ತಿದ್ದಾರಂತೆ. ಇಡೀ ಸಂಘ ಒಟ್ಟಾಗಿ ಸೇರಿದರೆ ದರ ತೀರಾ ಕಡಿಮೆ. ಕೂಲಿ ಮಾಡುವ ಮುದುಕಿ ವೀರಮ್ಮ ಕೂಡ ಕಟ್ಟಬಹುದಾದಷ್ಟು ಕಡಿಮೆ.

"ಒಂದೇ ಷರತ್ತು ಕಣಕ್ಕ," ಎಂದ ಪ್ರಭುಸ್ವಾಮಿ. "ವರ್ಷಕ್ಕ ಎರಡು ಮನಗ ಪರಿಹಾರ ಕೊಡ್ತಾರ. ಮೂರ್ನೇದು ಬಂತು ಅಂದ್ರ ಕಂಪ್ಯೂಟರು ನಿಮ್ಮೂರ್ನ ಕರಾವಳಿ ಅಂತ ಹಾಕ್ಬುಡ್ತದ. ಆಮ್ಯಾಕ ಸಮುದ್ರದ ದಡದೋರು ಕಟ್ಟೋ ದರಾನೇ ನೀವೂ ಕಟ್ಬೇಕು. ಮೂರು ಪಟ್ಟು."

"ಆಮ್ಯಾಕ ವಾಪಸ್ ಬರಾಂಗಿಲ್ವ?"

"ಸಮುದ್ರ ಒಂದ್ಸಲ ಬಂದ್ರ ವಾಪಸ್ ಓಯ್ತದಾ ಅಕ್ಕ?"

ಚನ್ನಮಲ್ಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಬರಾಕ ಬುಡಲ್ಲ ಬುಡು," ಎಂದಳು.

ಅಂದಿನಿಂದ ನಮಗೆ ನೆಮ್ಮದಿ ಇಲ್ಲದಂತಾಯಿತು. ಫೆಬ್ರವರಿ ಮುಗಿಯುತ್ತಲೇ ಅವಳು ಹೆಂಗಸರ ದಂಡು ಕಟ್ಟಿಕೊಂಡು ಸೂರುಗಳ ಮೇಲೆ ಭಾರ ಹೇರಿಸುತ್ತಿದ್ದಳು. ಹಳೇ ಟೈರು, ಮರಳಿನ ಚೀಲ, ಮುರಿದ ನೇಗಿಲು, ಯಾವುದಾದರೂ ಆದೀತು. ನಾನು ವಡೆಗೆ ರುಬ್ಬುತ್ತಿದ್ದ ಒರಳುಕಲ್ಲು ವೀರಮ್ಮನ ಸೂರಿಗೆ ಏರಿತು, ಇವತ್ತಿಗೂ ಇಳಿದಿಲ್ಲ. ಇಷ್ಟಾದರೂ ಗಾಳಿಗೆ ಶೀಟು ಹಾರಿದರೆ ಅದರ ಹಿಂದೆ ಅವಳೇ ಓಡುತ್ತಿದ್ದಳು. ಜೋಳದ ಹೊಲದಿಂದ, ಬಾಳೆ ತೋಟದಿಂದ ಎಳೆದು ತಂದು, ಬಡಿದು ನೆಟ್ಟಗೆ ಮಾಡಿ, ಸಂಜೆಯೊಳಗೆ ಮೊದಲಿದ್ದ ಜಾಗಕ್ಕೇ ಕೂರಿಸುತ್ತಿದ್ದಳು. ಒಮ್ಮೆ ಅವಸರದಲ್ಲಿ ಮುತ್ತಯ್ಯನ ಶೀಟುಗಳನ್ನು ಅವನ ಅಣ್ಣನ ಮನೆಗೆ ಹೊಡೆಸಿಬಿಟ್ಟಳು. ಅಣ್ಣತಮ್ಮಂದಿರಿಗೆ ಅಂದಿನಿಂದ ಮಾತಿಲ್ಲ.

ಪರಿಹಾರ ಕೇಳುತ್ತೇನೆ ಎಂದು ಮುತ್ತಯ್ಯ ಎಗರಾಡಿದಾಗ ಅವಳು ಸೊಂಟಕ್ಕೆ ಕೈಯಿಟ್ಟು ಕೇಳಿದಳು, "ಯಾತಕ್ಕಪ್ಪ ಪರಿಹಾರ?"

"ಗಾಳಿ ಬಂದಿತ್ತಲ್ಲವ್ವ."

"ಯಾವ ಗಾಳಿ? ನಂಗ ಕಾಣ್ನಿಲ್ಲ. ನಿಂಗ ಕಾಣ್ತಾ?"

ಗಾಳಿಯನ್ನು ಯಾರು ತಾನೆ ಕಂಡಿದ್ದಾರೆ? ಮುತ್ತಯ್ಯ ಗೊಣಗುತ್ತಾ ಹೋದ. ನೋಡನೋಡುತ್ತಾ ಊರಿನಲ್ಲಿ ಗಾಳಿ ಎಂಬ ಮಾತೇ ನಿಂತುಹೋಯಿತು. ಶಾಲೆಯ ಗೇಟಿನ ಹತ್ತಿರದ ಹುಣಸೆ ಮರ ಉರುಳಿದಾಗ ಅದಕ್ಕೆ ವಯಸ್ಸಾಗಿತ್ತು ಎಂದೆವು. ಒಣಹಾಕಿದ ಬಟ್ಟೆ ಪಕ್ಕದೂರಿಗೆ ಹೋದರೆ ನಾಯಿ ಎಳೆದುಕೊಂಡು ಹೋಯಿತು ಎಂದೆವು. ಹೊರಗಿನ ಡ್ರೈವರೊಬ್ಬ ನನ್ನ ಅಂಗಡಿಯಲ್ಲಿ ಟೀ ಕುಡಿಯುತ್ತಾ "ಇವತ್ತು ಭಾರೀ ಗಾಳಿ" ಎಂದದ್ದಕ್ಕೆ ನನ್ನ ಹೆಂಡತಿ ರತ್ನ ಲೋಟ ಕಿತ್ತುಕೊಂಡಳು. ನನಗೆ ನಗು ಬಂತು. ಆದರೆ ಏನೇ ಹೇಳಿ, ದರ ಏರಲಿಲ್ಲ. ನಿಜವಾಗಿಯೂ ಬಿದ್ದುಹೋದ ಮನೆಗಳಿಗೆ ವರ್ಷಕ್ಕೆ ಒಂದೋ ಎರಡೋ ಪರಿಹಾರ ಸಿಗುತ್ತಿತ್ತು. ಯಾರೂ ಜಗಲಿಗೆ ಹೋಗಲಿಲ್ಲ.

ಕಳೆದ ವರ್ಷ ಎರಡೂ ಪರಿಹಾರ ಬೇಗನೆ ಮುಗಿದಿದ್ದವು. ಒಂದು ಮುತ್ತಯ್ಯನ ಗೋಡೆಗೆ, ಇನ್ನೊಂದು ವೀರಮ್ಮನ ಸೂರಿಗೆ. ಕೋಮಲ ಹೆರಿಗೆಗೆಂದು ಯಳಂದೂರಿನ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಏಪ್ರಿಲ್‌ನ ಒಂದು ಮಧ್ಯಾಹ್ನ ಬಂತು ನೋಡಿ. ಏನು ಬಂತು ಎಂದು ಮಾತ್ರ ಕೇಳಬೇಡಿ. ನಾನು ಒಲೆಯನ್ನು ತಬ್ಬಿಕೊಂಡು ಕೂತಿದ್ದೆ. ಚನ್ನಮಲ್ಲಮ್ಮನ ಸೂರು ಮರದ ತೊಲೆಗಳ ಸಮೇತ ಎದ್ದು, ರಸ್ತೆ ದಾಟಿ, ಬಸ್ ನಿಲ್ದಾಣದ ಮೇಲೆ ಕೂತಿತು. ತಾಯಿಗೂ ಮಗಳಿಗೂ ಒಂದು ಗೀರೂ ಆಗಲಿಲ್ಲ, ದೇವರು ದೊಡ್ಡವನು. ತೊಲೆಗಳು ಮಾತ್ರ ಪುಡಿಪುಡಿ.

ಮಾರನೆಯ ದಿನ ಮುಂದಿನ ವರ್ಷದ ದರ ಗೊತ್ತುಮಾಡಲು ಪ್ರಭುಸ್ವಾಮಿ ಬಂದ. ಎರಡು ಸೂರಿನ ಬಸ್ ನಿಲ್ದಾಣವನ್ನು ನೋಡಿದ. ಆಮೇಲೆ ಬಯಲಾದ ಮನೆಯೊಳಗೆ ಮುದ್ದೆ ತೊಳಸುತ್ತಿದ್ದ ಚನ್ನಮಲ್ಲಮ್ಮನನ್ನೂ, ಮಂಚದ ಮೇಲೆ ಕೊಡೆ ಹಿಡಿದು ಕೂತಿದ್ದ ತುಂಬು ಬಸುರಿ ಕೋಮಲಳನ್ನೂ ನೋಡಿದ. ಅಷ್ಟರಲ್ಲಿ ಊರೆಲ್ಲ ಸೇರಿತ್ತು.

"ಅಕ್ಕ, ಸೂರೆಲ್ಲಿ?"

"ತೊಳ್ಯಾಕ ಇಳ್ಸಿವ್ನಿ. ದೂಳು ಕೂತಿತ್ತು."

ಪ್ರಭುಸ್ವಾಮಿ ಆಕಾಶ ನೋಡಿದ. ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು. "ನೋಡಕ್ಕ, ಸಂಘದೋರು ಯಾರಾರ ಒಬ್ರು ಬಾಯ್ಬುಟ್ಟು ಗಾಳಿ ಬಂತು ಅನ್ಲಿ, ನಿಂಗ ಹೊಸ ಸೂರು ಬತ್ತದ. ಅನ್ದೇ ಓದ್ರ ನಾನು ತೊಳ್ಯಾಕ ಅಂತ್ಲೇ ಬರ್ಕತೀನಿ."

"ತೊಳ್ಯಾಕೇ," ಎಂದಳು ಚನ್ನಮಲ್ಲಮ್ಮ. ಮಗಳ ಕಡೆ ತಿರುಗಿ ಮೆಲ್ಲಗೆ, "ಏಳವ್ವ. ಸ್ಕೂಲ್ಗ ರಜ ಅದ, ಜಗ್ಲಿ ಖಾಲಿ ಅದ," ಎಂದಳು.

ಯಾವ ಜಗಲಿಗೆ ಹೆದರಿ ಇಷ್ಟೆಲ್ಲ ಮಾಡಿದ್ದಳೋ ಅದೇ ಜಗಲಿಗೆ, ಊರಿನ ದರ ಉಳಿಸಲು, ಮಗಳನ್ನು ಎಬ್ಬಿಸುತ್ತಿದ್ದಾಳೆ. ನಾವಾದರೂ ಬಾಯಿ ಬಿಡಬೇಕಿತ್ತು. ಯಾರೂ ಬಿಡಲಿಲ್ಲ. ಎಲ್ಲರೂ ಮನಸ್ಸಿನಲ್ಲೇ ಮೂರು ಪಟ್ಟಿನ ಲೆಕ್ಕ ಹಾಕುತ್ತಿದ್ದೆವು. ರತ್ನ ನೆಲ ನೋಡುತ್ತಿದ್ದಳು. ಕೋಮಲ ಕೊಡೆ ಮಡಚಿ ಸೊಂಟ ಹಿಡಿದುಕೊಂಡು ಎದ್ದಳು.

ಆಗ ಗುಂಪಿನ ಹಿಂದಿನಿಂದ ವೀರಮ್ಮ ತನ್ನ ಮೇಕೆಯನ್ನು ಎಳೆದುಕೊಂಡೇ ಮುಂದೆ ಬಂದಳು. ದರ ಏರಿದರೆ ವಿಮೆ ಬಿಡಬೇಕಾದವರಲ್ಲಿ ಅವಳೇ ಮೊದಲನೆಯವಳು, ಅದು ಅವಳಿಗೂ ಗೊತ್ತು.

"ಗಾಳಿ ಬಂತು ಸಾ," ಎಂದಳು.

"ಸುಮ್ಕಿರು ವೀರವ್ವ," ಎಂದಳು ಚನ್ನಮಲ್ಲಮ್ಮ.

"ಗಾಳಿ ಬಂತು. ನಾನೇ ಕಂಡಿ. ಇವಳ ಸೂರ್ನ ಒತ್ಕಂಡು ಓಯ್ತು. ಬರ್ಕಳಿ."

ಚನ್ನಮಲ್ಲಮ್ಮ ಒಲೆಯ ಮುಂದೆಯೇ ಕುಸಿದು ಕೂತಳು. "ನನ್ನೊಂದು ಸೂರ್ಗ ಊರ್ನೇ ಮುಳುಗಿಸ್ಬುಟ್ಯಲ್ಲವ್ವಾ," ಎಂದು ಗೋಳೋ ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಪರಿಹಾರದ ಹಣ ಬರುವ ತನಕ ಅವಳ ಪಕ್ಕದ ಮನೆಯ ಸಿದ್ದಮಲ್ಲಪ್ಪ ತನ್ನ ದನದ ಕೊಟ್ಟಿಗೆಯ ಶೀಟು ಬಿಚ್ಚಿಕೊಟ್ಟ. ಕೋಮಲ ಅದರಡಿಯಲ್ಲೇ ಗಂಡು ಹೆತ್ತಳು. ಮಳೆಗಾಲಕ್ಕೆ ಮುಂಚೆ ಹೊಸ ಸೂರು ಬಂತು, ಅದರ ಬೆನ್ನಿಗೇ ನಾವು ಕರಾವಳಿಯೂ ಆದೆವು. ಈಗ ಕಂಪನಿಯವರು ನಮ್ಮ ಫೋನುಗಳಿಗೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂದು ಸಂದೇಶ ಕಳಿಸುತ್ತಾರೆ. ನಾವು ಇಳಿಯುವುದಿಲ್ಲ. ಹೊಸ ದರವನ್ನು ಕೆಲವರು ಹಲ್ಲು ಕಚ್ಚಿ ಕಟ್ಟಿದರು, ಕೆಲವರು ಬಿಟ್ಟರು. ವೀರಮ್ಮನ ಪಾಲಿನದನ್ನು ತಾನೇ ಕಟ್ಟುತ್ತೇನೆ ಎಂದು ಚನ್ನಮಲ್ಲಮ್ಮ ಎಷ್ಟು ಕೇಳಿಕೊಂಡರೂ ಮುದುಕಿ ಒಪ್ಪದೆ ವಿಮೆ ಬಿಟ್ಟಳು.

ಈ ಬೇಸಿಗೆಯಲ್ಲಿ ಗಾಳಿ ಎದ್ದಾಗಲೆಲ್ಲ ವೀರಮ್ಮ ತಲೆದಿಂಬು ಕಂಕುಳಲ್ಲಿಟ್ಟುಕೊಂಡು, ಮೇಕೆ ಎಳೆದುಕೊಂಡು ರಸ್ತೆ ದಾಟುವುದು ನನಗೆ ಕಾಣುತ್ತದೆ. ಮೊದಲ ಸಲ ಚನ್ನಮಲ್ಲಮ್ಮ ಬಾಗಿಲಲ್ಲಿ ನಿಂತು ಮೇಕೆಯನ್ನು ಹೊರಗೆ ಕಟ್ಟಲು ಹೇಳಿದಳು. ವೀರಮ್ಮ ಅದನ್ನು ಕಿವಿಗೇ ಹಾಕಿಕೊಳ್ಳದೆ ಒಳಗೆ ನುಗ್ಗಿ, ಗೋಡೆಯಿಂದ ಗೋಡೆಗೆ ಸೂರನ್ನು ಒಮ್ಮೆ ನೋಡಿ, ದಿಂಬು ಕೆಳಗಿಟ್ಟಳು.

"ಈ ಅರ್ಧ ನಂದು," ಎಂದಳು. "ಸಮುದ್ರ ಕರ್ದೋಳು ನಾನು."

ಚನ್ನಮಲ್ಲಮ್ಮ ತನ್ನ ಚಾಪೆಯನ್ನು ಇನ್ನೊಂದು ಅರ್ಧಕ್ಕೆ ಸರಿಸಿಕೊಂಡಳು.