ಅಮ್ಮನಿಗೆ ಓದಿ ಹೇಳಿದ ತತ್ತ್ವಶಾಸ್ತ್ರ

ಅಡಿಲೇಡಿನಲ್ಲಿ ಬೇಸಿಗೆಯ ಬಿಸಿಗಾಳಿ ಎದ್ದ ದಿನ ಬೀದಿಯುದ್ದಕ್ಕೂ ನೀಲಗಿರಿ ಎಲೆಗಳ ಘಾಟು ಹರಡುತ್ತದೆ. ಇಲ್ಲಿಯವರಿಗೆ ಅದು ಕಾಡ್ಗಿಚ್ಚಿನ ಭಯದ ವಾಸನೆ. ನನಗೆ ಮಾತ್ರ ಪರ್ತಿನ ನಮ್ಮ ಇಟ್ಟಿಗೆ ಮನೆಯ ಹಿಂದಿನ ಕೋಣೆ, ಬಿಸಿನೀರಿನ ಹಬೆ, ತಲೆಗೆ ಟವೆಲ್ ಹೊದ್ದು ಬಗ್ಗಿ ಕೂತ ಅಮ್ಮ ಕಣ್ಣಿಗೆ ಕಟ್ಟುತ್ತಾಳೆ. ಆ ಮರಗಳ ದೇಶಕ್ಕೇ ಬಂದಿದ್ದರೂ ಅವಳು ಮಂಗಳೂರಿನಿಂದ ತಂದ ನೀಲಗಿರಿ ಎಣ್ಣೆಯನ್ನೇ ಹಾಕಿಕೊಳ್ಳುತ್ತಿದ್ದಳು. ಇಲ್ಲಿಯದಕ್ಕೆ ಖಾರ ಸಾಲದಂತೆ. ನಾವು ಕನ್ನಡದಲ್ಲಿ ಪ್ರಾರ್ಥಿಸುವ ಪ್ರೊಟೆಸ್ಟೆಂಟರು. ಬಹರೈನಿನಲ್ಲಿ ಕೆಲವು ವರ್ಷ ಕಳೆದು, ತೊಂಬತ್ತರ ದಶಕದ ಮೊದಲಿಗೆ ಇತ್ತ ಬಂದವರು. ಪಪ್ಪನಿಗೆ ಪರ್ತಿನ ವೆಲ್ಷ್‌ಪೂಲಿನ ಗೋದಾಮಿನಲ್ಲಿ ಕೆಲಸ. ಭಾನುವಾರ ಸಂಜೆ ನಾಲ್ಕಾರು ಮನೆಯವರು ನಮ್ಮ ಗ್ಯಾರೇಜಿನಲ್ಲಿ ಸೇರುತ್ತಿದ್ದರು. ಹಾಡು, ಪ್ರಾರ್ಥನೆ, ಆಮೇಲೆ ಅಮ್ಮನ ಕೋರಿ ರೊಟ್ಟಿ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಕುರ್ಚಿ ಸಾಲದೆ ಮಕ್ಕಳು ನೆಲದಲ್ಲಿ ಕೂರುತ್ತಿದ್ದ ಮನೆ.

ಅಣ್ಣ ಸುಧೀರ ತತ್ತ್ವಶಾಸ್ತ್ರ ಓದಲು ಬ್ರಿಸ್ಬೇನಿನ ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯಕ್ಕೆ ಹೋದ. ಮೊದಲ ರಜೆಗೆ ಬಂದಾಗ ಗಡ್ಡ ಬಿಟ್ಟಿದ್ದ, ಮಾತು ಕಡಿಮೆಯಾಗಿತ್ತು. ಆ ಭಾನುವಾರ ಹಿರಿಯರೊಬ್ಬರು, “ಇವತ್ತು ಸುಧೀರ ಪ್ರಾರ್ಥನೆ ಮಾಡಲಿ” ಎಂದರು. ಅಣ್ಣ ಎದ್ದು ನಿಂತ. “ಕ್ಷಮಿಸಿ ಅಂಕಲ್. ನನಗೀಗ ನಂಬಿಕೆ ಇಲ್ಲ. ಸುಮ್ಮನೆ ನಾಟಕ ಮಾಡ್ಲಿಕ್ಕೆ ಆಗುದಿಲ್ಲ.” ಪಪ್ಪ ತಾವೇ ಪ್ರಾರ್ಥನೆ ಮುಗಿಸಿದರು. ಊಟಕ್ಕೆ ಹೆಚ್ಚು ಜನ ನಿಲ್ಲಲಿಲ್ಲ. ಅಂದಿನಿಂದ ಪಪ್ಪ ಅಣ್ಣನೊಡನೆ ಮಾತು ಬಿಟ್ಟರು. ಒಂದೇ ಮೇಜಿನಲ್ಲಿ ಉಣ್ಣುವಾಗಲೂ ಉಪ್ಪು ಬೇಕಾದರೆ ನನ್ನನ್ನು ಕೇಳುತ್ತಿದ್ದರು.

ಮರುವರ್ಷ ಅಮ್ಮನ ಎದೆಯ ಕಾಯಿಲೆ ಬಿಗಡಾಯಿಸಿತು. ಡಾಕ್ಟರರು ಕೈಚೆಲ್ಲಿದ ಮೇಲೆ ಅಣ್ಣ ಓದು ನಿಲ್ಲಿಸಿ ಬಂದ. ಒಂದು ಮಧ್ಯಾಹ್ನ ಅವಳ ಪಕ್ಕ ಕೂತು ಬೈಬಲ್ ತೆರೆದ. ಅಮ್ಮ ಅದನ್ನು ಮುಚ್ಚಿದಳು. “ನಿನಗೆ ಬೇಡದ್ದನ್ನು ನನಗೋಸ್ಕರ ಓದುದು ಬೇಡ. ನೀನು ಅಲ್ಲಿ ಕಲಿಯುವುದನ್ನೇ ಓದು. ಅದರಲ್ಲಿ ಎಂತ ಉಂಟು ಅಂತ ನೋಡುವ.” ಅಣ್ಣ ತನ್ನ ದಪ್ಪ ಪುಸ್ತಕ ತಂದ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿ, ಕನ್ನಡಕ್ಕೆ ತಡಕಾಡಿ ಹೇಳುತ್ತಿದ್ದ. ಯುರೋಪಿನ ಹಳೆಯ ಪಂಡಿತರ ಮಾತುಗಳು: ಅರಸರು, ಪಾದ್ರಿಗಳು ಹೇಳಿದ್ದಕ್ಕೆ ತಲೆದೂಗುವುದಲ್ಲ, ಸ್ವಂತ ಬುದ್ಧಿಯಿಂದ ಯೋಚಿಸುವ ಧೈರ್ಯ ಮನುಷ್ಯನಿಗೆ ಬೇಕು. ಅಮ್ಮ ಉಸಿರು ಎಳೆದುಕೊಳ್ಳುತ್ತ ಕೇಳಿದಳು. “ನನ್ನ ಅಜ್ಜಿ ಅದನ್ನೇ ಮಾಡಿದ್ದು. ಜಾತಿ ಬಿಟ್ಟು ಕ್ರಿಸ್ತನ ಹತ್ತಿರ ಬರ್ಲಿಕ್ಕೆ ಎಷ್ಟು ಧೈರ್ಯ ಬೇಕಿತ್ತು ಗೊತ್ತುಂಟಾ? ಮನೆಯವರು ಬಾವಿ ನೀರು ಸಹ ಕೊಡ್ಲಿಲ್ಲ.” ಉಸಿರು ಸುಧಾರಿಸಿಕೊಂಡು ಮುಂದುವರಿಸಿದಳು. “ಅವಳು ಒಬ್ಬಳೇ ಯೋಚಿಸಿದ್ದು, ಸರಿ. ಆದರೆ ಆಮೇಲೆ ಒಬ್ಬಳೇ ಇರ್ಲಿಲ್ಲ, ಸಭೆಯವರು ಇದ್ರು. ನಿನ್ನ ಪುಸ್ತಕದವರು ಹಾಸಿಗೆ ಹಿಡಿದರೆ ಯಾರು ನೋಡ್ತಾರೆ?” “ಅದು ಬರೆದಿಲ್ಲಮ್ಮ,” ಎಂದ ಅಣ್ಣ. ಇಬ್ಬರೂ ನಕ್ಕರು; ನಗು ಕೆಮ್ಮಾಯಿತು. ನಾನು ಬೆನ್ನು ನೀವಲು ಓಡಿದೆ. ಬಾಗಿಲಲ್ಲಿ ಪಪ್ಪ ಬೂಟು ಬಿಚ್ಚದೆ ನಿಂತಿದ್ದರು. ಯಾವಾಗ ಬಂದರೋ. ಸ್ವಲ್ಪ ಹೊತ್ತಿಗೆ ಚಹಾ ಮಾಡಿ ತಂದು, ಒಂದು ಕಪ್ಪನ್ನು ಅಣ್ಣನ ಪಕ್ಕದಲ್ಲಿಟ್ಟು ಹೋದರು.

ಚಳಿಗಾಲಕ್ಕೆ ಮುಂಚೆಯೇ ಅಮ್ಮ ಹೋದಳು. ಸಮಾಧಿಯ ಬಳಿ ಎಲ್ಲರೂ ಹಾಡುವಾಗ ಅಣ್ಣ ಬಾಯಿ ತೆರೆಯಲಿಲ್ಲ. ಪಪ್ಪನ ಮೊಣಕೈ ಹಿಡಿದುಕೊಂಡೇ ಇದ್ದ. ಗ್ಯಾರೇಜಿನ ಸಭೆ ಮತ್ತೆ ಕೂಡಲಿಲ್ಲ. ಮನೆಗಳು ದೂರವಾದವು, ಭಾನುವಾರವೂ ಅಂಗಡಿಗಳು ತೆರೆದವು, ಕೆಲಸಗಳು ಬಂದವು. ಆ ಮನೆಯನ್ನೂ ಮುಂದೆ ಕೆಡವಿದರು. ಪಪ್ಪನೂ ಈಗಿಲ್ಲ.

ಅಮ್ಮ ಹೋದ ಆ ವರ್ಷವೇ ಅಣ್ಣ ಮತ್ತೆ ಓದಲು ಬ್ರಿಸ್ಬೇನಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಪಪ್ಪ ನೇರವಾಗಿ ಅವನನ್ನೇ ಕೇಳಿದರು, “ಭಾನುವಾರ ಎಂತ ಮಾಡ್ತಿ ಅಲ್ಲಿ?”

“ಬಟ್ಟೆ ಒಗೀತೇನೆ ಪಪ್ಪಾ. ಲೈಬ್ರರಿಗೆ ಹೋಗ್ತೇನೆ.”

“ಯಾರ ಜೊತೆಗಾದ್ರೂ ಊಟ ಮಾಡು,” ಎಂದು ಪಪ್ಪ ಅವನ ಕಾಲರ್ ಸರಿಪಡಿಸಿದರು.

ನಾವಿಬ್ಬರೂ ಕಾರಿಗೆ ಮರಳಿದ ಮೇಲೆ ಪಪ್ಪ ಬಹಳ ಹೊತ್ತು ಕೀ ತಿರುಗಿಸಲಿಲ್ಲ. “ಇನ್ನು ನಾವಿಬ್ಬರೇ ಮಗಾ. ಏನಾದರೂ ಮಾತಾಡ್ತಾ ಇರಬೇಕು,” ಎಂದರು. ಮನೆ ಮುಟ್ಟುವವರೆಗೂ ಇಬ್ಬರಿಗೂ ಮಾತು ಹುಟ್ಟಲಿಲ್ಲ.