ತಿಥಿ ಕಾರ್ಡಿನ ಫೋಟೊಗಳು

ಮುಳಬಾಗಿಲಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ದಿನ ಬೈರಕೂರಿನ ವೆಂಕಟರವಣಪ್ಪನವರು ಹಳೇ ಕಂಪ್ಯೂಟರೊಂದನ್ನು ತಂದರು. ಮುಚ್ಚಿಹೋದ ಒಂದು ಕಾರ್ಡ್ ಪ್ರಿಂಟಿಂಗ್ ಅಂಗಡಿಯಿಂದ ಮಗಳ ಓದಿಗೆ ಅಂತ ಕೊಂಡಿದ್ದರು. ಅದರೊಳಗೆ ಜಾಗವೇ ಇರಲಿಲ್ಲ.

ಬೇಡದ ಪ್ರೋಗ್ರಾಮುಗಳನ್ನೆಲ್ಲ ತೆಗೆದ ಮೇಲೆ ‘ತಿಥಿ’ ಅನ್ನೋ ಫೋಲ್ಡರ್ ಕಂಡಿತು. ತೆರೆದರೆ ಬರೀ ತೀರಿಕೊಂಡವರ ಫೋಟೊಗಳು. ತಿಥಿ ಕಾರ್ಡಿಗೆ ಹಾಕಿಸೋಕೆ ಮನೆಯವರು ಕೊಟ್ಟಿದ್ದವು.

“ಇವೂ ಬೇಡ ತಾನೇ ಅಣ್ಣಾ?” ಅಂದು ಅಳಿಸೋಕೆ ಹೋದೆ.

“ಆಗಪ್ಪಾ!” ಅಂತ, ನಿಲ್ಲಿಸು ಅನ್ನೋದನ್ನ ತೆಲುಗಲ್ಲೇ ಕೂಗಿ ನನ್ನ ಕೈ ಹಿಡಿದುಕೊಂಡರು. “ನಮ್ಮಮ್ಮನ ಕಾರ್ಡೂ ಆ ಅಂಗಡೀಲೇ ಮಾಡ್ಸಿದ್ದು. ಇದ್ದಿದ್ದೊಂದು ಫೋಟೊ ಕೊಟ್ಟಿದ್ದೆ, ಅದನ್ನ ಕಳೆದುಬಿಟ್ರು. ಇದರಲ್ಲಿರಬಹುದು ಅಂತ ಹೊಳೀಲೇ ಇಲ್ಲ ನೋಡು.”

ಒಂದೊಂದಾಗಿ ತೋರಿಸುತ್ತಾ ಹೋದೆ. ಅವರು ಪ್ರತಿ ಮುಖಕ್ಕೂ ಕೈ ಮುಗಿದರು. ಒಂದು ಗಂಟೆಯಾದ ಮೇಲೆ, ತಲೆ ತುಂಬ ಸೆರಗು ಹೊದ್ದ ಅಜ್ಜಿಯೊಬ್ಬರ ಫೋಟೊ ಬಂತು. ವೆಂಕಟರವಣಪ್ಪ ಪರದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತರು.

ಫೋಟೊ ಪ್ರಿಂಟ್ ಹಾಕಿ ಕೊಟ್ಟೆ. “ಉಳಿದವರನ್ನ ಅಳಿಸ್ಲಾ?” ಅಂತ ಕೇಳಿದೆ.

“ಅವರಿಗೂ ಮಕ್ಕಳಿದ್ದಾರಲ್ಲಪ್ಪ. ಯಾರಾದ್ರೂ ಕೇಳ್ಕೊಂಡು ಬಂದ್ರೆ?”

ಅವರೆಲ್ಲರನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ನನ್ನ ಮೇಜಿನ ಡ್ರಾಯರಲ್ಲಿಟ್ಟೆ. ಇದುವರೆಗೂ ಯಾರೂ ಬಂದಿಲ್ಲ. ಕೆಲಸದ ಮಧ್ಯೆ ಅರ್ಜೆಂಟಾಗಿ ಪೆನ್‌ಡ್ರೈವ್ ಬೇಕಾದಾಗೆಲ್ಲ ಅದನ್ನ ಕೈಗೆತ್ತಿಕೊಳ್ತೀನಿ, ಮತ್ತೆ ಅಲ್ಲೇ ಇಟ್ಟು ಹೊಸದು ತರೋಕೆ ಹೋಗ್ತೀನಿ.